ಕೈ ಕಟ್ಟದೆ ಒಪ್ಪಿಸಿದ ಪಾಠ

ನನ್ನ ತಮ್ಮನ ಮಗಳು ಎಂಟನೆಯ ತರಗತಿಗೆ ಸೇರುವಾಗ ಮಿರ್ಲೆಯಿಂದ ಹುಣಸೂರಿಗೆ, ನನ್ನ ಮನೆಗೆ ಬಂದಳು. ಅವಳ ಶಾಲೆ ಇದ್ದದ್ದು ಬಿಳಿಕೆರೆಯಿಂದ ಸ್ವಲ್ಪ ಆಚೆ, ಮೈಸೂರು ರಸ್ತೆಯಲ್ಲಿ. ಕ್ರೈಸ್ತ ಸನ್ಯಾಸಿನಿಯರು ನಡೆಸುವ ಶಾಲೆ ಅದು. ಅಲ್ಲಿನ ಒಬ್ಬ ಸಿಸ್ಟರ್ ಎಚ್.ಡಿ. ಕೋಟೆಯ ಕಡೆಯವರು, ಹನ್ನೆರಡು ವರ್ಷ ಇಟಲಿಯ ಮಠವೊಂದರಲ್ಲಿದ್ದು ಮರಳಿ ಬಂದಿದ್ದರು. ಇಷ್ಟಪಟ್ಟ ಮಕ್ಕಳಿಗೆ ಅವರು ಇಟಾಲಿಯನ್ ಕಲಿಸುತ್ತಾರೆಂದೂ ಅದನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದೆಂದೂ ಶಾಲೆಯಿಂದ ಒಂದು ಅರ್ಜಿ ಬಂತು. ಹುಡುಗಿ ಅದನ್ನು ತಾನೇ ತುಂಬಿ, ಪೋಷಕರ ಸಹಿಯ ಜಾಗವನ್ನು ಮಾತ್ರ ಖಾಲಿ ಬಿಟ್ಟು, ನನ್ನ ಮುಂದೆ ತಂದಿಟ್ಟಳು.

ಅಲ್ಲಿಯವರೆಗೆ ಅವಳು ತನಗಾಗಿ ಏನನ್ನೂ ಕೇಳಿದವಳಲ್ಲ. ಬಟ್ಟೆ, ಚಪ್ಪಲಿ, ಊಟ ಯಾವುದಕ್ಕೂ ‘ಏನಾದ್ರೂ ಸರಿ’ ಎನ್ನುವ ಮಗು. ನಾನು ತಮ್ಮನಿಗೆ ಫೋನು ಮಾಡಿದೆ.

“ಇಂಗ್ಲೀಷೇ ನೆಟ್ಟಗೆ ಬರಕಿಲ್ಲ ಅವ್ಳಿಗೆ, ಇದ್ಯಾವ್ದಕ್ಕಾ ಇಟಲಿ? ಕಂಪ್ಯೂಟರ್ ತಗೊಳ್ಳಿ ಬುಡು, ಉಪ್ಯೋಗಕ್ ಬತ್ತದೆ.”

“ಅವಳಾಗಿ ಕೇಳಿದ ಮೊದಲನೆಯ ವಿಷಯ ಕಣೋ ಇದು. ಕಲಿಸೋ ಜವಾಬ್ದಾರಿ ನಂದು,” ಎಂದೆ.

“ಅಂಗಾರೆ ಸೈ. ನಿನ್ ಕೈಗ್ ಸಿಕ್ಕಿದ್ಮೇಲೆ ಕಲೀದೆ ಎಲ್ಲೋಯ್ತಾಳೆ,” ಎಂದು ನಕ್ಕ.

ಅವನ ನಗುವಿಗೆ ಕಾರಣವಿತ್ತು. ನಾನು ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಗಂಟಲು ಕೆಟ್ಟು, ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಗಟ್ಟಿಯಾಗಿ ಮಾತನಾಡಬಾರದೆಂದು ವೈದ್ಯರು ಹೇಳಿದ ಮೇಲೆ ಕೆಲಸ ಬಿಟ್ಟೆ. ನನ್ನ ವಿದ್ಯಾರ್ಥಿಗಳು ಈಗಲೂ ಸಂತೆಯಲ್ಲಿ ನನ್ನನ್ನು ಕಂಡರೆ ವಾಕ್ಯವನ್ನು ಪೂರ್ತಿ ಮಾಡಿ ಮಾತನಾಡುತ್ತಾರೆ. ಇದನ್ನು ನಾನು ನಾಚಿಕೆಯಿಂದ ಹೇಳುತ್ತಿಲ್ಲ.

ಇಟಾಲಿಯನ್ನಿನ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ. ಆದರೆ ಕಲಿಸುವ ಕ್ರಮ ಗೊತ್ತಿತ್ತು. ಅದು ಯಾವ ಭಾಷೆಗಾದರೂ ಸಲ್ಲುತ್ತದೆ ಎಂಬುದು ನನ್ನ ನಂಬಿಕೆ. ಅವಳು ಮಲಗಿದ ಮೇಲೆ ಅವಳ ಪುಸ್ತಕ ತೆಗೆದು, ಅವಳಿಗಿಂತ ಒಂದು ಪಾಠ ಮುಂದೆ ನಾನೇ ಓದಿಕೊಳ್ಳುತ್ತಿದ್ದೆ. ಉಚ್ಚಾರಣೆಯನ್ನು ಮೊಬೈಲಿನಲ್ಲಿ ಕೇಳಿ, ನೋಟ್ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಡುತ್ತಿದ್ದೆ. ಆಗ ಕಂಡದ್ದು ನನಗೆ ಸಂತೋಷ ಕೊಟ್ಟಿತು: ಆ ಭಾಷೆಯ ಪದಗಳು ಬಹುಪಾಲು ನಮ್ಮವುಗಳಂತೆಯೇ ಸ್ವರದಲ್ಲಿ ಮುಗಿಯುತ್ತವೆ, ಅಜ್ಜಿಗೆ ಅವರು ಹೇಳುವ ‘ನೊನ್ನಾ’ ಎಂಬ ಪದ ನಮ್ಮ ಒತ್ತಕ್ಷರದಲ್ಲಿ ಒಂದಿಷ್ಟೂ ಸೊರಗದೆ ಕೂರುತ್ತದೆ. ಬೆಳಿಗ್ಗೆ ಕಾಫಿಯಾದ ಮೇಲೆ, ಬಸ್ಸಿಗೆ ಮೊದಲು, ನನ್ನ ಪಾಲಿಗಿದ್ದ ಅರ್ಧ ಗಂಟೆಯ ಧ್ವನಿಯನ್ನು ಪೂರ್ತಿ ಅವಳ ಉಕ್ತಲೇಖನಕ್ಕೆ ಖರ್ಚು ಮಾಡುತ್ತಿದ್ದೆ. ಸಂಜೆ ಅವಳು ಪಾಠ ಒಪ್ಪಿಸಬೇಕು. ಒಪ್ಪಿಸುವುದೆಂದರೆ ನಮ್ಮಲ್ಲಿ ಒಂದು ರೀತಿಯುಂಟು: ನೆಟ್ಟಗೆ ನಿಂತು, ಎದೆಯ ಮೇಲೆ ಕೈ ಕಟ್ಟಿ, ಗೋಡೆಯ ಒಂದು ಬಿಂದುವನ್ನು ನೋಡುತ್ತ, ತಡೆಯಿಲ್ಲದೆ ಹೇಳುವುದು. ನಾನು ಹಾಗೆ ಒಪ್ಪಿಸಿದವಳು, ಸಾವಿರಾರು ಮಕ್ಕಳಿಂದ ಒಪ್ಪಿಸಿಕೊಂಡವಳು. ತಪ್ಪಿಗೆ ಕೆಂಪು ಗೆರೆ; ಹತ್ತು ಸಲ ತಿದ್ದಿ ಬರೆಯುವುದು. ಒಂಬತ್ತನೆಯ ತರಗತಿಯ ಅರ್ಧವಾರ್ಷಿಕದಲ್ಲಿ ಅವಳ ಇಟಾಲಿಯನ್ ಉತ್ತರಪತ್ರಿಕೆಯಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ನಾನು ಎರಡು ದಿನ ಟೀಪಾಯಿಯ ಮೇಲೇ ಇಟ್ಟಿದ್ದೆ. ಬಂದವರು ನೋಡಲಿ ಎಂದು.

ನವೆಂಬರಿನಲ್ಲಿ ಸಿಸ್ಟರ್ ನನ್ನನ್ನು ಕರೆಸಿದರು. ಹತ್ತನೆಯ ತರಗತಿಯಲ್ಲಿ ಇಟಾಲಿಯನ್ ಮುಂದುವರಿಸಬೇಕಾದರೆ ಜನವರಿಯಲ್ಲಿ ಮಾತಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಅದಕ್ಕೆ ಮುಂಚಿನ ಅಭ್ಯಾಸ ಪರೀಕ್ಷೆ ನಡೆದು, ಹುಡುಗಿ ಅದರಲ್ಲಿ ಸೋತಿದ್ದಳು.

“ಮೇಡಂ, ಇವಳಷ್ಟು ಶುದ್ಧವಾಗಿ ಹೇಳೋರು ಕ್ಲಾಸಲ್ಲೇ ಇಲ್ಲ,” ಎಂದರು ಸಿಸ್ಟರ್. “ಆದ್ರೆ ಮಧ್ಯೆ ನಾನೊಂದು ಪ್ರಶ್ನೆ ಕೇಳಿದ್ರೆ ಸುಮ್ಮನಾಗಿಬಿಡ್ತಾಳೆ. ಆಮೇಲೆ ಮೊದಲಿಂದ ಶುರು ಮಾಡ್ತಾಳೆ. ಹದಿನೇಳರ ಮಗ್ಗಿ ತಪ್ಪಿದ್ರೆ ನಾವೆಲ್ಲ ಮಾಡ್ತಿದ್ದೆವಲ್ಲ, ಹಾಗೆ.” ಮತ್ತೆ ಸೇರಿಸಿದರು: “ಕೈ ಬಿಡಮ್ಮ ಅಂದೆ. ಕೈ ಬಿಟ್ಟಳು, ಮಾತೂ ನಿಂತುಹೋಯ್ತು.”

ಅವರು ನನ್ನನ್ನು ದೂರಲಿಲ್ಲ. ದೂರಿದ್ದರೆ ವಾದಿಸಬಹುದಾಗಿತ್ತು.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು: “ನೀವು ಹೇಳ್ಕೊಟ್ಟಂಗೇ ಹೇಳ್ದೆ ಅತ್ತೆ.”

ಅದಾದ ಮೇಲೆ ನಾನು ಕ್ರಮ ಬದಲಿಸಲು ಪ್ರಯತ್ನಿಸಿದೆ. ತರಕಾರಿ ಹೆಚ್ಚುತ್ತಲೋ ಬಟ್ಟೆ ಮಡಿಸುತ್ತಲೋ ಇದ್ದಕ್ಕಿದ್ದಂತೆ ಇಟಾಲಿಯನ್ನಿನಲ್ಲಿ ಪ್ರಶ್ನೆ ಎಸೆಯುತ್ತಿದ್ದೆ. ಅವಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಎದ್ದು ನಿಂತು, ಕೈ ಕಟ್ಟುತ್ತಿದ್ದಳು. ನನ್ನ ಧ್ವನಿಯೇ ಅವಳಿಗೆ ಪರೀಕ್ಷೆಯ ಗಂಟೆಯಾಗಿಬಿಟ್ಟಿತ್ತು. ಡಿಸೆಂಬರಿನ ಒಂದು ಸಂಜೆ ಅವಳು ನೋಟ್ ಪುಸ್ತಕ ಮುಚ್ಚಿ, ಬಹಳ ಸಮಾಧಾನದಿಂದ, “ಬುಡಿ ಅತ್ತೆ, ಕಂಪ್ಯೂಟರೇ ತಗೋತೀನಿ,” ಎಂದಳು. ‘ಏನಾದ್ರೂ ಸರಿ’ ಎನ್ನುತ್ತಿದ್ದ ಹಳೆಯ ಧ್ವನಿ ಅದು. ಅಳುವನ್ನಾದರೆ ನಾನು ಇದಕ್ಕಿಂತ ಸುಲಭವಾಗಿ ಸಹಿಸುತ್ತಿದ್ದೆ.

ಕ್ರಿಸ್‌ಮಸ್ ರಜೆಗೆ ಇಬ್ಬರೂ ಮಿರ್ಲೆಗೆ ಹೋದೆವು. ಅವರೆಕಾಯಿಯ ಕಾಲ. ಹಿಂದಿನ ದಿನ ನೆನೆಹಾಕಿದ ಕಾಳಿನ ಎರಡು ದೊಡ್ಡ ಪಾತ್ರೆಗಳನ್ನು ಪಡಸಾಲೆಯಲ್ಲಿಟ್ಟುಕೊಂಡು ನಮ್ಮವ್ವ ಕೂತಿದ್ದಳು. ಜೊತೆಗೆ ಪಕ್ಕದ ಮನೆಯ ಹೆಂಗಸು. ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ತಟ್ಟೆಗೆ ಹಾರುತ್ತದೆ. ಹುಡುಗಿಯೂ ಕೂತಳು. ನಾನು ಕಂಬಕ್ಕೊರಗಿ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಅವ್ವನ ಮಾತ್ರೆಗಳ ಪಟ್ಟಿ ಮಾಡುತ್ತಿದ್ದೆ.

“ಅದೇನೋ ಬಾಸೆ ಕಲ್ತಿದ್ದೀಯಂತಲ್ಲವ್ವಾ, ಒಂದೀಟು ಆಡು, ಕೇಳಮ,” ಎಂದಳು ಅವ್ವ.

ಹುಡುಗಿ ನನ್ನ ಕಡೆ ನೋಡಿ, ಕೈ ಒರೆಸಿಕೊಂಡು ಏಳಲು ಹೊರಟಳು.

“ಏ, ಯಾಕ್ ಎದ್ದೀಯೆ? ಕೂತ್ಕಂಡು ಇತುಕು. ಮಾತಾಡಕ್ಕೆ ಬಾಯ್ ಸಾಲ್ದಾ? ಕೆಲ್ಸ ಕೆಡ್ಸಬ್ಯಾಡ.”

ಕೂತಳು. ಕೈ ಕಾಳಿಗೆ ಹೋಯಿತು. ಅಜ್ಜಿಯನ್ನೇ ನೋಡುತ್ತ, ‘ಮಿಯಾ ನೊನ್ನಾ’ ಎಂದು, ನನ್ನ ಅಜ್ಜಿ ಎಂದು, ಶುರು ಮಾಡಿದಳು. ಎರಡನೆಯ ವಾಕ್ಯ ಅರ್ಧವಾಗುವಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬಾಯಿ ಹಾಕಿದಳು.

“ಕೂಸೇ, ನಿಮ್ಮಜ್ಜೀನ ಬಯ್ಯೋದ್ ಎಂಗೆ ಅಂತ ಮೊದ್ಲು ಯೋಳ್ಕೊಡು. ನಂಗೆ ಬಾಳ ದಿನದಿಂದ ಬೇಕಾಗಿತ್ತು.”

“ಬೈಕೋ ಬುಡು,” ಎಂದಳು ಅವ್ವ. “ನಂಗೇನು ತಿಳಿಯಾಕಿಲ್ವಲ್ಲ, ಒಗಳ್ತಾವ್ಳೆ ಅನ್ಕಂಡು ಒಂದ್ ಮುದ್ದೆ ಜಾಸ್ತಿ ಇಕ್ತೀನಿ. ನೀನ್ ಯೋಳು ಮಗ. ಅಲ್ಲಿ ಅವರೆಕಾಯಿ ಸಿಕ್ತದಾ?”

ಹುಡುಗಿ ನಗುತ್ತ ಇಟಾಲಿಯನ್ನಿನಲ್ಲಿ ಉತ್ತರಿಸಿದಳು. ಅವ್ವ ಎಲ್ಲ ತಿಳಿದವಳಂತೆ, “ಅಂಗೇಳು ಮತ್ತೆ. ಅವ್ರೂ ಉಪ್ಪೆಸರು ಮಾಡ್ತಾರಾ?” ಎಂದಳು. ಅದಕ್ಕೂ ಉತ್ತರ ಬಂತು. ನಮ್ಮವ್ವ ಜೀವಮಾನದಲ್ಲಿ ಯಾರ ಮಾತನ್ನೂ ಪೂರ್ತಿ ಮುಗಿಸಲು ಬಿಟ್ಟವಳಲ್ಲ, ಅಂದೂ ಬಿಡಲಿಲ್ಲ. ನಡುನಡುವೆ, “ಒತ್ತಬ್ಯಾಡ ಕಣೆ, ಜಜ್ಜೋಯ್ತದೆ. ಇಂಗೆ, ನೋಡಿಲ್ಲಿ, ಇಂಗೆ,” ಎಂದು ಬೆರಳು ತೋರಿಸುವಳು. ಹುಡುಗಿ, “ಕೊಸೀ?” ಎಂದು ಕೇಳಿ ಒತ್ತುವಳು. ‘ಹೀಗೆಯೇ?’ ಎಂದು ಅದರ ಅರ್ಥ. “ಊಂ, ಕೊಸೀ,” ಎನ್ನುವಳು ಅವ್ವ. ಹತ್ತು ಕಡೆ ತಡೆದರೂ ಹುಡುಗಿ ಒಮ್ಮೆಯೂ ಮೊದಲಿಗೆ ಹಿಂತಿರುಗಲಿಲ್ಲ. ಬಿಟ್ಟ ಕಡೆಯಿಂದಲೇ ಮುಂದೆ ಹೋಗುತ್ತಿದ್ದಳು.

ತಪ್ಪುಗಳೂ ಆಗುತ್ತಿದ್ದವು. ನನ್ನ ಕೈ ತಾನಾಗಿಯೇ ಮಾತ್ರೆಗಳ ಪಟ್ಟಿಯ ಕೆಳಗೆ ಅವುಗಳನ್ನು ಬರೆಯತೊಡಗಿತು. ಪಾತ್ರೆ ಖಾಲಿಯಾಗುವ ಹೊತ್ತಿಗೆ ಹದಿನಾಲ್ಕು ಸೇರಿದ್ದವು. ಸಿಪ್ಪೆಯನ್ನು ಎಮ್ಮೆಗೆ ಹಾಕಿ ಬಂದ ಹುಡುಗಿ ನನ್ನ ಮುಂದೆ ನಿಂತು, ಹಾಳೆಯನ್ನು ನೋಡಿದಳು. “ಅಜ್ಜಿಯ ಮಾತ್ರೆ,” ಎಂದು ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟೆ. ಕಲಿಸತೊಡಗಿದಂದಿನಿಂದ ಕಂಡ ತಪ್ಪನ್ನು ಕಾಣದಂತೆ ಬಿಟ್ಟದ್ದು ಅದೇ ಮೊದಲು. ಆ ಹಾಳೆ ಈಗಲೂ ಡಬ್ಬಿಯಲ್ಲೇ ಇದೆ. ಉಳಿದ ರಜೆಯುದ್ದಕ್ಕೂ ಅಜ್ಜಿ ಮೊಮ್ಮಗಳು ಹೀಗೆಯೇ ಬೇಳೆ ಹಿತಕಿದರು; ನಾನು ಮಾತ್ರೆಯ ನೆಪ ಹೂಡಿ ಅಂಗಳಕ್ಕೋ ಅಂಗಡಿಗೋ ಹೋಗುತ್ತಿದ್ದೆ.

ಜನವರಿಯ ಪರೀಕ್ಷೆಯ ದಿನ ನಾನು ಶಾಲೆಯ ಜಗಲಿಯ ಬೆಂಚಿನ ಮೇಲೆ, ತೆರೆದ ಕಿಟಕಿಯ ಪಕ್ಕದಲ್ಲಿ ಕೂತಿದ್ದೆ. ಅವಳಿಗೆ ಬಂದ ವಿಷಯ ‘ನಮ್ಮ ಮನೆಯ ಒಂದು ಕೆಲಸ.’ ‘ಮಿಯಾ ನೊನ್ನಾ’ ಎಂದು ಧ್ವನಿ ಎದ್ದಿತು. ನಾಲ್ಕು ವಾಕ್ಯ ನೆಟ್ಟಗೆ ಸಾಗಿತು. ಆಗ ಸಿಸ್ಟರ್ ತಡೆದು ಏನೋ ಕೇಳಿದರು: ಕಾಳಿನ ಸಿಪ್ಪೆ ತೆಗೆಯುವುದು ಹೇಗೆ ಎಂದು.

ಸಿಪ್ಪೆಗೆ, ಹಿತಕುವುದಕ್ಕೆ, ಅವಳ ಬಳಿ ಪದಗಳಿರಲಿಲ್ಲ. ಅವು ಪುಸ್ತಕದಲ್ಲಿಲ್ಲವೆಂದು ನನಗೂ ಗೊತ್ತಿತ್ತು. ಇನ್ನೀಗ ಮೊದಲಿಗೆ ಹೋಗುತ್ತಾಳೆ ಎಂದುಕೊಂಡೆ. ಕೆಳಗೆ ನೋಡಿಕೊಂಡರೆ ಬೆಂಚಿನ ಮೇಲೆ ಕೂತ ನಾನೇ ಎದೆಯ ಮೇಲೆ ಬಿಗಿಯಾಗಿ ಕೈ ಕಟ್ಟಿಕೊಂಡಿದ್ದೆ.

“ಕೊಸೀ,” ಎಂದಿತು ಕೋಣೆಯೊಳಗಿಂದ ಅವಳ ಧ್ವನಿ.

ಕಿಟಕಿಯಿಂದ ಬಗ್ಗಿ ನೋಡಿದೆ. ಅವಳು ಎರಡು ಬೆರಳು ಮುಂದೆ ಚಾಚಿ, ಇಲ್ಲದ ಕಾಳನ್ನು ಒತ್ತಿ, ಹಾರಿದ ಬೇಳೆಯನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಕೋಟೆ ಸೀಮೆಯ ಆ ಸಿಸ್ಟರ್ ಗಟ್ಟಿಯಾಗಿ ನಕ್ಕುಬಿಟ್ಟರು. ನಗು ನಿಲ್ಲುವ ಮೊದಲೇ ಹುಡುಗಿ ನಾಲ್ಕನೆಯ ವಾಕ್ಯದ ಮುಂದಿನದನ್ನು ಹೇಳಿದಳು. ಆಮೇಲೆ ಅವರನ್ನೇ ಒಂದು ಪ್ರಶ್ನೆ ಕೇಳಿದಳು: ನಿಮ್ಮ ಮನೆಯಲ್ಲಿ ಈ ಕೆಲಸ ಯಾರು ಮಾಡುತ್ತಿದ್ದರು? ಸಿಸ್ಟರ್ ಉತ್ತರ ಹೇಳುತ್ತ ಹೇಳುತ್ತ ತಮ್ಮ ತಾಯಿಯ ಸಂಗತಿಗೆ ಹೋದರು. ಮುಂದಿನ ಮಗು ಬಾಗಿಲಲ್ಲಿ ಬಹಳ ಹೊತ್ತು ಕಾಯಬೇಕಾಯಿತು.

ಹೊರಗೆ ಬಂದ ಸಿಸ್ಟರ್ ನನಗೆ ಹೇಳಿದ್ದು ಇಷ್ಟೇ: “ಹತ್ತನೇ ಕ್ಲಾಸಿನ ಪುಸ್ತಕ ತರಿಸ್ತಿದ್ದೀನಿ ಮೇಡಂ. ಇವಳಿಗೂ ಒಂದು ಸೇರಿಸ್ಲಾ?”

“ಎರಡು ಸೇರಿಸಿ,” ಎಂದೆ. “ನಾನೂ ಓದಬೇಕು.”

ಬಸ್ಸಿಗೆ ಕಾಯುವಾಗ ಹುಡುಗಿ ಕೇಳಿದಳು. “ಕಿಟಕಿ ಹತ್ರಾನೇ ಇದ್ರಿ, ನೋಡ್ದೆ. ಎಷ್ಟು ತಪ್ಪಾಯ್ತು ಅತ್ತೆ?”

ಸುಳ್ಳು ಹೇಳುವುದು ಸರಿಯೆನಿಸಲಿಲ್ಲ. “ಎರಡು,” ಎಂದೆ.

“ಮೂರು,” ಎಂದಳು. “ಇನ್ನೊಂದು ನಿಮಗೆ ಗೊತ್ತಾಗಿಲ್ಲ.”

ಜೀವನದಲ್ಲಿ ಯಾರಾದರೂ ನನ್ನ ಲೆಕ್ಕ ತಿದ್ದಿದಾಗ ನಾನು ಅಷ್ಟು ಹಿಗ್ಗಿದ್ದಿಲ್ಲ. ಯಾವುದು ಆ ಮೂರನೆಯದು ಎಂದು ಕೇಳಿದೆ. ಬಸ್ಸು ಬಂತು, ಸೀಟು ಸಿಗಲಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದನ್ನು ಆಡಿಸುತ್ತ ಅವಳು ವಿವರಿಸತೊಡಗಿದಳು. ನಡುವೆ ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ಎರಡು ಹುಣಸೂರು ಎಂದು ಹೇಳಿ, ಚೀಟಿ ನನ್ನ ಕೈಗಿತ್ತು, ಬಿಟ್ಟ ಕಡೆಯಿಂದಲೇ ಮುಂದುವರಿಸಿದಳು.