ಕಲಾಯಿ ಖಾಜಾ ನಮ್ಮ ಪಡಸಾಲೆಗೆ ಬಂದ ದಿನ

ಮಹಾನವಮಿ ಹತ್ತಿರ ಬಂದಂತೆ ಮನೆಯ ಹಿತ್ತಾಳೆ, ತಾಮ್ರವೆಲ್ಲ ಅಂಗಳಕ್ಕೆ ಬಂದು ಬೀಳುತ್ತಿದ್ದ ಕಾಲ ಅದು. ನಮ್ಮೂರು ಕುರುಗೋಡಿನ ಅಡುಗೆಮನೆಗಳಿಗೆ ಸ್ಟೀಲು ಇನ್ನೂ ಕಾಲಿಟ್ಟಿರಲಿಲ್ಲ. ಒಳಗಿನ ತವರದ ಕಲಾಯಿ ಸವೆದ ಪಾತ್ರೆಯಲ್ಲಿ ಸಾರು ಮಾಡಿದರೆ ಕಿಲುಬು ಬಿಡುತ್ತದೆಂದು ನಮ್ಮ ಓಣಿಯ ಹೆಂಗಸರು ಬಳ್ಳಾರಿಯ ಕಲಾಯಿ ಸಾಬರ ದಾರಿ ಕಾಯುತ್ತಿದ್ದರು. ಆ ವಾಸನೆ ಒಮ್ಮೆ ಮೂಗಿಗೆ ತಾಗಿದವರು ಮರೆಯಲಾರರು. ಕೆಂಡದ ಮೇಲೆ ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದೊಡನೆ ಬೆಳ್ಳನೆಯ ಹೊಗೆ ಏಳುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಹೊಗೆ ಸರಿಯುವಷ್ಟರಲ್ಲಿ ಪಾತ್ರೆಯ ಒಳಮೈ ಬೆಳದಿಂಗಳಂತೆ ಹೊಳೆಯುತ್ತಿತ್ತು.

ಅರವತ್ತೈದರಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದ ವರ್ಷ, ಮುದುಕ ಸಾಬರಿಗೆ ಮೈ ಸರಿಯಿಲ್ಲವೆಂದು ಅವರ ಅಳಿಯ ಬಂದ. ಹೆಸರು ಖಾಜಾ. ಆಂಧ್ರದ ಆದವಾನಿಯವನು. ತೆಲುಗು, ಉರ್ದು ಬರುತ್ತಿದ್ದವು; ಕನ್ನಡ ಅಷ್ಟಕ್ಕಷ್ಟೇ. ನಮ್ಮ ಮನೆ ಪಕ್ಕದ ಬೇವಿನ ಮರದ ಕೆಳಗೆ ಕುಣಿ ತೋಡಿ, ತಿದಿ ಹೂಡಿ, ಇದ್ದಿಲು ಹೊತ್ತಿಸಿದ. ನಾವು ಹೊಲದಿಂದ ಕಿತ್ತು ತಂದ ಹಸಿ ಶೇಂಗಾವನ್ನು ಕೆಂಡದ ಅಂಚಿಗೆ ಸುರಿದರೆ ಬೈಯದೆ, ಸುಟ್ಟ ಕಾಯನ್ನು ಇಕ್ಕಳದಿಂದ ಒಂದೊಂದಾಗಿ ಹೆಕ್ಕಿ ನಮ್ಮ ಲಂಗದ ಮಡಿಲಿಗೆ ಹಾಕುತ್ತಿದ್ದ.

ಯುದ್ಧವೆಂದರೆ ನಮಗೆ ಆಟ. ಕರ್ಚೀಫಿನ ನಾಲ್ಕು ಮೂಲೆಗೆ ದಾರ ಕಟ್ಟಿ, ಕಲ್ಲು ಜೋತುಬಿಟ್ಟು, ಮಾಳಿಗೆಯಿಂದ ಪ್ಯಾರಾಶೂಟು ಇಳಿಸುತ್ತಿದ್ದೆವು. ದೊಡ್ಡವರಿಗೆ ಅದು ಆಟವಾಗಿರಲಿಲ್ಲ. ಪಂಚಾಯ್ತಿ ರೇಡಿಯೋ ಹೇಳಿದ್ದು ಒಂದಾದರೆ ಕಟ್ಟೆಯ ಮೇಲೆ ಹುಟ್ಟುತ್ತಿದ್ದದ್ದು ಮತ್ತೊಂದು. ವೈರಿಗಳು ಪ್ಯಾರಾಶೂಟಿನಲ್ಲಿ ನಮ್ಮ ಗುಡ್ಡಕ್ಕೆ ಇಳಿದಿದ್ದಾರಂತೆ, ಹೊಸಪೇಟೆ ಡ್ಯಾಮು ಒಡೆಯುತ್ತಾರಂತೆ. ಕಾಲುವೆ ನೀರು ನಂಬಿ ಭತ್ತ ಹಚ್ಚಿದ್ದ ಊರಿಗೆ ಇದಕ್ಕಿಂತ ದೊಡ್ಡ ಭಯ ಬೇಕಿರಲಿಲ್ಲ. ಊರಿನ ಹರೆಯದ ಹುಡುಗರೆಲ್ಲ ಬಡಿಗೆ ಹಿಡಿದು ಗಸ್ತು ತಿರುಗುತ್ತಿದ್ದರು. ಅವರ ಮುಂದಾಳು ಎದುರು ಮನೆಯ ಈರಣ್ಣ. ನಮ್ಮ ಮನೆಯಲ್ಲೇ ಮಜ್ಜಿಗೆ ಕುಡಿದು ಬೆಳೆದವನು.

ಆ ಮಧ್ಯಾಹ್ನ ಖಾಜಾ ಕಲಾಯಿ ಮುಗಿದ ಅಗಲ ಹಿತ್ತಾಳೆ ಪರಾತಗಳನ್ನು ತೊಳೆದು, ಆರಲೆಂದು ಹಿಂದಿನ ಗುಡ್ಡದ ಬಂಡೆಯ ಮೇಲೆ ಒರಗಿಸಿಟ್ಟು ಬಂದಿದ್ದ. ಬಿಸಿಲು ಬಿದ್ದು ಅವು ಹೊಳೆದವು. ಆ ಬೆಳಕು ಕಾಲುವೆಯ ಆಚೆ ಗದ್ದೆಯಲ್ಲಿದ್ದವರ ಕಣ್ಣಿಗೆ ಹೊಡೆಯಿತು. ಗುಡ್ಡದಿಂದ ಯಾರೋ ವಿಮಾನಕ್ಕೆ ಕನ್ನಡಿ ತೋರಿಸುತ್ತಿದ್ದಾರೆ ಎಂದು ಸುದ್ದಿ ಎದ್ದಿತು. ಅದರ ಜೊತೆಗೆ ಮರದ ಕೆಳಗಿನ ಬಿಳಿ ಹೊಗೆ, ಗುರುತಿಲ್ಲದ ಮುಖ, ಕನ್ನಡ ಬಾರದ ನಾಲಗೆ.

ಅವರು ಬಂದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದು ಕೂಗಲ್ಲ, ಬಹಳ ಕಾಲುಗಳು ಒಟ್ಟಿಗೆ ಓಡುವ ಸದ್ದು. ಒಬ್ಬ ಖಾಜಾನ ಅಂಗಿ ಹಿಡಿದೆಳೆದ, ಇನ್ನೊಬ್ಬ ಕುಣಿಯಲ್ಲಿ ಕಾಯುತ್ತಿದ್ದ ಇಕ್ಕಳವನ್ನೇ ಎತ್ತಿಕೊಂಡ. ಅದರ ತುದಿ ಕೆಂಪಗಿತ್ತು. ಎಲ್ಲಿಂದಲೋ ಬಂದ ಕಲ್ಲು ಖಾಜಾನ ಹಣೆಗೆ ಬಡಿಯಿತು. ಅವನು "ನೇನೇಮಿ ಚೇಯಲೇದು" ಅಂದ, ನಾನೇನೂ ಮಾಡಿಲ್ಲ ಅಂತ. ಅದನ್ನೇ ಮತ್ತೆ ಮತ್ತೆ ಅಂದ. ಊರಲ್ಲಿ ಅರ್ಧ ಜನಕ್ಕೆ ತೆಲುಗು ಬರುತ್ತಿತ್ತು. ಆ ಹೊತ್ತಿಗೆ ಯಾರಿಗೂ ಅದು ಅರ್ಥವಾಗಲಿಲ್ಲ.

ಅಪ್ಪ, ದೊಡ್ಡಪ್ಪ ಬಳ್ಳಾರಿಯ ಹತ್ತಿ ಮಾರುಕಟ್ಟೆಗೆ ಹೋಗಿದ್ದರು. ಮನೆಯಲ್ಲಿ ಇದ್ದದ್ದು ದೊಡ್ಡವ್ವ ಶರಣಮ್ಮ. ರೊಟ್ಟಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಗುಂಪಿನೊಳಗೆ ಸೀದಾ ನುಗ್ಗಿ, ಖಾಜಾನ ರಟ್ಟೆ ಹಿಡಿದು ಎಳೆದುಕೊಂಡು ಬಂದು, ನಮ್ಮ ಪಡಸಾಲೆಗೆ ದಾಟಿಸಿದಳು. ದೇವರ ಜಗಲಿ ಇರುವ ಪಡಸಾಲೆ ಅದು. ಕಲಾಯಿಯವರು ಅಂಗಳದಿಂದ ಈಚೆ ಬಂದದ್ದನ್ನು ನಾನು ಕಂಡಿರಲಿಲ್ಲ. ಅವನನ್ನು ನಾನು ಅವಿತಿದ್ದ ಕಂಬದ ಹತ್ತಿರ, ನನ್ನ ಪಕ್ಕದಲ್ಲೇ ಕೂಡಿಸಿ, ತಾನು ಹೋಗಿ ಹೊಸ್ತಿಲ ಮೇಲೆ ನಿಂತಳು. ಅವನು ಅಂಗಿಯ ತೋಳನ್ನು ಹಣೆಗೆ ಒತ್ತಿ ಹಿಡಿದ.

ಈರಣ್ಣ ಮುಂದೆ ಬಂದ. "ಯಮ್ಮಾ, ನೀವು ಸರೀರಿ. ಅವ ಯಾರು, ಯಾವ ದೇಶದಾವ ಅಂತ ನಮ್ಮ ಮುಂದ ಹೇಳ್ಲಿ, ಬಿಡ್ತೀವಿ."

"ಹೇಳಂಗಿಲ್ಲ," ಅಂದಳು ದೊಡ್ಡವ್ವ. "ನಿನ್ನ ಮುಂದ ಯಾಕ ಹೇಳ್ಬೇಕಲೇ ಅವ? ನೀ ಎಂದರ ಯಾರ ಮುಂದರ ಹೇಳೀಯೇನು, ನಾ ಈ ದೇಶದಾವ ಅದೀನಿ ಅಂತ?"

"ನಾನು ಇದ ಊರಾಗ ಹುಟ್ಟೀನಿ."

"ಅವ ಆದವಾನ್ಯಾಗ ಹುಟ್ಟ್ಯಾನ. ನನ್ನ ತವರುಮನಿ ಅಲ್ಲಿಂದ ಎರಡ ಹರದಾರಿ. ಹಂಗಾದ್ರ ಮೊದಲ ನನ್ನ ಕೇಳು. ಅನುಮಾನ ಇದ್ರ ಪೊಲೀಸ್ನೋರ್ನ ಕರಿ, ಅವ್ರು ಕೇಳ್ಲಿ. ಕಲ್ಲು ಹಿಡ್ಕೊಂಡು ಕೇಳಾಕ ನಿನಗ ಯಾರು ಹೇಳ್ಯಾರ?"

ಯಾರೂ ಹಿಂದೆ ಸರಿಯಲಿಲ್ಲ. ಕೆಂಪು ಇಕ್ಕಳದವನು ಇನ್ನೂ ಅಲ್ಲೇ ಇದ್ದ. ಅವಳನ್ನು ಬದಿಗೆ ತಳ್ಳುವುದು ಅವರಿಗೆ ಕಷ್ಟವೇನಿರಲಿಲ್ಲ. ನಿದ್ದೆ ಬಾರದಾಗ ನಾನು ಮರಳಿ ಮರಳಿ ಹೋಗುವುದು ಆ ಗಳಿಗೆಗೇ. ದೊಡ್ಡವ್ವ ಅಂದು ಹೊಲಕ್ಕೆ ಹೋಗಿದ್ದರೆ? ಮಾತು ಮುಗಿಯುವ ಮುಂಚೆ ಇನ್ನೊಂದು ಕಲ್ಲು ಬಂದಿದ್ದರೆ?

ಅಷ್ಟರಲ್ಲಿ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದರು. ಎಲ್ಲರ ಪಾತ್ರೆಗಳೂ ಆ ಮರದ ಕೆಳಗಿದ್ದವು. ನನ್ನ ಕೊಡ ಅರ್ಧ ಆಗಿದೆ, ಮುಗಿಸೋರು ಯಾರು ಎಂದು ಒಬ್ಬಳು ಕೇಳಿದಳು. ಹಬ್ಬ ನೀವು ಮಾಡ್ತೀರೇನು ಎಂದು ಇನ್ನೊಬ್ಬಳು ರೇಗಿದಳು. ಮಾತಾಡುತ್ತಲೇ ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಕೊನೆಗೆ ಬಂದವಳು ಈರಣ್ಣನ ತಾಯಿ ಗಂಗಮ್ಮ. ಏನು ಗದ್ದಲವೆಂದು ಅವಳು ಕೇಳಿದಾಗ ಯಾರೋ ಬಂಡೆಯ ಕಡೆ ಕೈ ತೋರಿಸಿ ಅಗೋ ಅಲ್ಲಿ ಕನ್ನಡಿ ಅಂದರು. ಗಂಗಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಲೇ ಈರ್ಯಾ," ಅಂದಳು ಮಗನಿಗೆ, "ಅದು ನನ್ನ ಪರಾತಲೇ. ಅದರಾಗ ಹಿಟ್ಟು ನಾದಿ ನಿನಗ ರೊಟ್ಟಿ ಹಾಕಿ ಬೆಳೆಸೀನಿ. ಹೋಗಿ ತಗೊಂಡು ಬಾ, ವಿಮಾನ ಬರೋದ್ರಾಗ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗೆ ಎಲ್ಲರಿಗೂ ಹಬ್ಬಲಿಲ್ಲ, ಆದರೆ ಕಾಲು ಹಿಂದಕ್ಕೆ ತೆಗೆಯಲು ಕೆಲವರಿಗೆ ಅಷ್ಟು ನೆವ ಸಾಕಾಯಿತು. ಇಕ್ಕಳ ನೆಲಕ್ಕೆ ಬಿತ್ತು. ಆಮೇಲೆ ಸುದ್ದಿ ತಿಳಿದ ಠಾಣೆಯ ದಫೇದಾರರು ಸೈಕಲ್ಲಿನಲ್ಲಿ ಬಂದು, ಖಾಜಾನ ಜೊತೆ ತೆಲುಗಿನಲ್ಲಿ ಮಾತಾಡಿ, ಉಳಿದವರನ್ನೂ ಮನೆಗೆ ಅಟ್ಟಿದರು. ಈರಣ್ಣ ತಲೆ ತಗ್ಗಿಸಿಕೊಂಡು ಬಂಡೆ ಹತ್ತಿದ.

ದೊಡ್ಡವ್ವ ಖಾಜಾನ ಹಣೆಗೆ ಅರಿಶಿನ ಒತ್ತಿ, ರೊಟ್ಟಿ, ಪುಂಡಿ ಪಲ್ಯ ಕೊಟ್ಟಳು. ಬಸ್ಸಿಗೆ ಹೋಗುವೆನೆಂದವನು ಸ್ವಲ್ಪ ಹೊತ್ತಿನ ಮೇಲೆ ತಾನೇ ಎದ್ದು ಹೋಗಿ ತಿದಿ ಒತ್ತಿದ. ಉಳಿದ ಪಾತ್ರೆ ಮುಗಿಯುವವರೆಗೂ ಹೆಂಗಸರು ಕುಣಿಯ ಸುತ್ತಲೇ ಕೂತಿದ್ದರು, ಹರಟೆಗೆ ಕೂತವರ ಹಾಗೆ. ಸಂಜೆ ಅವನನ್ನು ನಡುವೆ ಹಾಕಿಕೊಂಡು ಹೋಗಿ ಬಳ್ಳಾರಿ ಬಸ್ಸು ಹತ್ತಿಸಿದರು. ಮುಂದಿನ ವರ್ಷ ಅವನು ಮತ್ತೆ ಬಂದ. ಕುಣಿ ತೋಡಿಕೊಟ್ಟವನು ಈರಣ್ಣ.

ಮುಂದೆ ನಾನು ಬಳ್ಳಾರಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದೆ. ಪ್ರಜೆಯ ಹಕ್ಕುಗಳ ಪಾಠ ಬಂದಾಗ ಮೇಷ್ಟ್ರು ಬರೆಸಿದ್ದನ್ನು ಬರೆದುಕೊಂಡೆ, ಪರೀಕ್ಷೆಯನ್ನೂ ಬರೆದೆ. ಆದರೆ ಒಬ್ಬ ಮನುಷ್ಯ ತಾನು ಈ ದೇಶದವನೆಂದು ಬೀದಿಯ ಗುಂಪಿಗೆ ರುಜುವಾತು ಕೊಡಬೇಕಾಗಿಲ್ಲ ಎಂಬುದನ್ನು ನನಗೆ ಮೊದಲು ಕಲಿಸಿದವಳು ಸಾಲಿಯ ಮುಖ ಕಾಣದ ದೊಡ್ಡವ್ವ. ಆ ಋಣ ದೊಡ್ಡದು. ಆ ಮಧ್ಯಾಹ್ನ ನನ್ನ ಕಣ್ಣೆದುರು ಒಂದು ಕೊಲೆ ಆಗಬಹುದಿತ್ತು, ಆಗಲಿಲ್ಲ. ಅದನ್ನು ಹೊತ್ತು ಬದುಕುವ ಕೆಲಸದಿಂದ ಆ ಹೆಂಗಸರು ನನ್ನನ್ನೂ ಈರಣ್ಣನನ್ನೂ ಉಳಿಸಿದರು.

ದೊಡ್ಡವ್ವ ಈಗಿಲ್ಲ, ಗಂಗಮ್ಮನೂ ಇಲ್ಲ. ಓಣಿಯ ಕಟ್ಟೆಗಳನ್ನು ಒಡೆದು ಕಾಂಪೌಂಡು ಕಟ್ಟಿದ್ದಾರೆ. ನಡು ಮಧ್ಯಾಹ್ನ ಹೊರಗೆ ಕೂತು ಯಾರ ಮನೆಗೆ ಯಾರು ಬಂದರೆಂದು ತಿಳಿದಿರುವವರು ಉಳಿದಿಲ್ಲ. ಸುದ್ದಿ ಮಾತ್ರ ಮೊದಲಿಗಿಂತ ಬೇಗ ಓಡುತ್ತದೆ. ಬೀದಿಯಲ್ಲಿ ಯಾರನ್ನೋ ತಡೆದು "ಯಾರೋ ನೀನು, ಯಾವೂರು?" ಎಂದು ಗದರುವುದು ಕೇಳಿದರೆ ನನಗೆ ಈಗಲೂ ಆ ಓಡುವ ಕಾಲುಗಳ ಸದ್ದೇ ನೆನಪಾಗುತ್ತದೆ. ಆದರೂ ಗೇಟು ತೆಗೆದು ಹೊರಗೆ ಬಂದು ನಿಲ್ಲುತ್ತೇನೆ. ನಿಂತು, ಅಕ್ಕಪಕ್ಕದ ಮನೆಗಳಿಂದ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ನೋಡುತ್ತೇನೆ.