ಇಲ್ಲದ ಹುಣಸೆ ಮರ

ರೋಡ್ ಐಲೆಂಡ್ ಎಂಬ ಅಮೆರಿಕದ ಪುಟ್ಟ ರಾಜ್ಯದಿಂದ ಬಂದ ಅತಿಥಿಯನ್ನು ವೈಟ್‌ಫೀಲ್ಡ್‌ನಿಂದ ಪೀಣ್ಯದ ಕಾರ್ಖಾನೆಗೆ ಕರೆದೊಯ್ಯುತ್ತಿದ್ದೇನೆ. ಇಷ್ಟು ಹೊತ್ತಿಗೆ ಅವರ ರಾಜ್ಯವನ್ನೇ ದಾಟಿ ಸಮುದ್ರ ಸೇರಬಹುದಂತೆ. ಮೀಟಿಂಗ್‌ಗೆ ತಡವಾಗಿದೆ, ಲಗ್ಗೆರೆಯಲ್ಲಿ ಮ್ಯಾಪ್ ಕೈಕೊಟ್ಟಿತು. ಸೊಪ್ಪು ಮಾರುತ್ತಿದ್ದ ವಿಜಯಪುರದ ಹೆಂಗಸನ್ನು ದಾರಿ ಕೇಳಿದೆ.

“ಹುಣಸಿ ಗಿಡ ಇತ್ತಲ್ರೀ, ಅಲ್ಲಿ ಎಡಕ್ಕ ಹೊಳ್ರಿ.”

“ಇಲ್ದಿರೋ ಮರ ನೋಡ್ಕೊಂಡು ಹೆಂಗಕ್ಕಾ ತಿರುಗೋದು?”

“ಈಗಲ್ಲಿ ಮೊಬೈಲ್ ಅಂಗಡಿ ಐತ್ರಿ.”

ಅದನ್ನೇ ಮೊದಲು ಹೇಳಬಾರದೆ? ಸಿಡುಕಿಕೊಂಡೇ ಇಂಗ್ಲಿಷಿಗೆ ತಿರುಗಿಸಿದೆ. ಅತಿಥಿಗೆ ಮಾತ್ರ ಸಡಗರ: ಅವರೂರಲ್ಲೂ ಎಂದೋ ಮುಚ್ಚಿದ ಬಟ್ಟೆ ಗಿರಣಿಗಳ ಗುರುತಿನಲ್ಲೇ ದಾರಿ ಹೇಳುತ್ತಾರಂತೆ. ಮರ ಯಾವಾಗ ಹೋಯಿತೆಂದು ನನ್ನಿಂದ ಕೇಳಿಸಿದರು.

“ಯಾರಿಗ್ಗೊತ್ರಿ ಸರ,” ಎಂದು ಆಕೆ ಸೊಪ್ಪಿಗೆ ನೀರು ಚಿಮುಕಿಸಿದಳು. “ನಾನೂ ನೋಡಿಲ್ಲ.”