ಮೋಡದ ಮೇಲೆ ಸಾಗಿ ಬಂದ ಧೂಳು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಧೂಳಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳಿಗೂ ಬೇಸರವಿರಲಿಲ್ಲ. ಬಂದರು ಪಟ್ಟಣದ ಆ ಹವಾಮಾನ ಕಚೇರಿಯಲ್ಲಿ ಉಳಿದವರು ಮಳೆ, ಗಾಳಿ, ಅಲೆಗಳನ್ನು ಹಂಚಿಕೊಂಡಿದ್ದರು. ಅವಳ ಪಾಲಿಗೆ ಧೂಳು ಉಳಿದಿತ್ತು. ಕಡಲಿನ ಆಚೆ ದಡದ ಮರುಭೂಮಿಯಲ್ಲಿ ಬಿರುಗಾಳಿ ಎದ್ದರೆ ಇಲ್ಲಿ ಅವಳ ಪರದೆಯ ಮೇಲೆ ನಸುಗೆಂಪು ಮೂಡುತ್ತಿತ್ತು. ಉಪಗ್ರಹಗಳು ಕಳಿಸಿದ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು, ಆ ಬಣ್ಣ ನೀಲಿ ನೀರಿನ ಮೇಲೆ ನಿಧಾನವಾಗಿ ಹಾಯುವುದನ್ನು ನೋಡುತ್ತ ಕೂರುವಳು. ಆ ಮರುಭೂಮಿಯ ಒಂದು ತಗ್ಗು ಎಂದೋ ದೊಡ್ಡ ಸರೋವರವಾಗಿತ್ತಂತೆ. ಮೀನುಗಳು ಈಜಾಡಿದ ನೀರಿನ ತಳದ ಮಣ್ಣೇ ಈಗ ಆಕಾಶದಲ್ಲಿ ಈಜುತ್ತಿದೆ ಎಂದು ನೆನೆಯುವಷ್ಟರಲ್ಲಿ ಕೈಯಲ್ಲಿದ್ದ ಚಹಾ ತಣ್ಣಗಾಗಿರುತ್ತಿತ್ತು.

ಧೂಳಿನ ಸಹವಾಸಕ್ಕೆ ಅವಳು ಸುಮ್ಮನೆ ಬಿದ್ದವಳಲ್ಲ. ಅವಳನ್ನು ಸಾಕಿ ಓದಿಸಿದ್ದು ಅಕ್ಕ. ಅಕ್ಕ ದರ್ಜಿ, ಮೇಲಂತಸ್ತಿನ ಕಿಟಕಿಗೆ ಹೊಲಿಗೆ ಯಂತ್ರ ಒತ್ತಿಟ್ಟುಕೊಂಡು, ಬೀದಿಯವರ ಬಟ್ಟೆಯ ಜೊತೆ ಬೀದಿಯ ಸುದ್ದಿಯನ್ನೂ ಹೊಲಿಯುತ್ತಿದ್ದವಳು. ಅವಳಿಗೆ ಮೊದಲಿನಿಂದಲೂ ಉಬ್ಬಸ. ಹಿಂದೊಮ್ಮೆ ಹೇಳದೆ ಕೇಳದೆ ಆಕಾಶ ಮಂಕಾಗಿ ಸೂರ್ಯ ಬಿಳಿಚಿಕೊಂಡ ದಿನ, ಕತ್ತರಿ ಹಿಡಿದವಳು ಹಿಡಿದಂತೆಯೇ ಕುಸಿದಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಂಗಿಯ ಜೀವ ಬಾಯಿಗೆ ಬಂದಿತ್ತು. ಅಕ್ಕ ಚೇತರಿಸಿಕೊಂಡ ಮೇಲೆ ಕಚೇರಿಗೆ ಹೋಗಿ, “ಆ ಧೂಳೆಲ್ಲಾ ಎಲ್ಲಿಂದ ಬಂತು?” ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯತನಕ ಮಳೆಯ ಲೆಕ್ಕ ನೋಡುತ್ತಿದ್ದವಳು ಧೂಳಿನ ಬೆನ್ನು ಹತ್ತಿದ್ದು ಆಗ.

ಹಗೆಯಂತೆ ಹುಡುಕಹೊರಟದ್ದರ ಮೇಲೆ ಬರಬರುತ್ತ ಅವಳಿಗೆ ಮೋಹ ಹುಟ್ಟಿತು. ಕೆಲವು ಸಲ ಅದು ನೀರಿನ ಮೇಲೆ ರೇಷ್ಮೆಯ ಸೆರಗಿನಂತೆ ಹರಡಿಕೊಳ್ಳುತ್ತಿತ್ತು. ನೋಡಿದವಳಿಗೆ ಎದೆ ತುಂಬಿ ಬರುತ್ತಿತ್ತು. ಆದರೆ ಅಕ್ಕನೆದುರು ಬಾಯಿಬಿಡಲು ಧೈರ್ಯವಾಗಲಿಲ್ಲ.

ಒಂದು ಬೇಸಿಗೆಯಲ್ಲಿ ಹಿಂದೆಂದೂ ಕಾಣದಷ್ಟು ದೊಡ್ಡ ಧೂಳಿನ ಪದರ ದಡ ಬಿಟ್ಟು ಹೊರಟಿತು. ನಡುಗಡಲಿನಲ್ಲಿ ಮೋಡಗಳು ಅಡ್ಡ ಬಂದವು. ಪರದೆಯೆಲ್ಲ ಬೆಳ್ಳಗಾಯಿತು.

“ಮುಗೀತು ಬಿಡಿ,” ಎಂದರು ಮುಖ್ಯಸ್ಥರು, ಅವಳ ಕುರ್ಚಿಯ ಹಿಂದೆ ನಿಂತು. “ಮಳೇಲಿ ತೊಳೆದು ಹೋಗಿರುತ್ತೆ.”

ಇರಬಹುದು ಎಂದು ಅವಳಿಗೂ ಅನ್ನಿಸಿತು. ಆದರೂ ಮನಸ್ಸು ಒಪ್ಪಲಿಲ್ಲ. ಕೆಳಕ್ಕೆ ಲೇಸರ್ ಬೆಳಕು ಬಿಟ್ಟು ಗಾಳಿಯನ್ನು ಪದರ ಪದರವಾಗಿ ಅಳೆಯುವ ಇನ್ನೊಂದು ಉಪಗ್ರಹವಿತ್ತು. ಅದು ಕಡಲ ಮೇಲೆ ಹಾದುಹೋಗುವುದನ್ನೇ ಕಾದಳು. ಅದರ ಚಿತ್ರ ಬಂದಾಗ ಕೆಳಗೆ ಮೋಡದ ದಿಬ್ಬಗಳು ಕಂಡವು. ಅವುಗಳ ಮೇಲೆ, ಒಂದಿಷ್ಟೂ ನೆನೆಯದೆ, ತೆಳ್ಳನೆಯ ಒಂದು ಪಟ್ಟಿ ತಣ್ಣಗೆ ಮಲಗಿತ್ತು.

“ಸರ್, ಅದು ಮೋಡದ ಮೇಲಿದೆ! ನಮ್ಮ ಕಡೆಗೇ ಬರ್ತಿದೆ.”

ಮುಖ್ಯಸ್ಥರು ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಎಚ್ಚರಿಕೆ ಕೊಟ್ಟು, ಅದು ಬರ್ಲಿಲ್ಲ ಅಂದ್ರೆ?”

“ಜನ ನಗ್ತಾರೆ.”

“ನಗಲಿ ಬಿಡಿ. ನಾವೂ ನಗಿಸಿ ಬಹಳ ದಿನ ಆಯ್ತು,” ಎಂದು ಅವರೇ ಫೋನು ಎತ್ತಿಕೊಂಡು ಆಸ್ಪತ್ರೆಗಳಿಗೆ, ಶಾಲೆಗಳಿಗೆ ತಿಳಿಸಲು ಶುರುಮಾಡಿದರು.

ಅವಳು ಅಕ್ಕನಿಗೆ ಫೋನು ಮಾಡಿದಳು. “ಕಿಟಕಿ ಹಾಕ್ಕೋ. ಸಂದಿಗೆಲ್ಲ ಒದ್ದೆ ಬಟ್ಟೆ ತುರುಕು. ಔಷಧಿ ಕೈಗೆ ಸಿಗೋ ಹಾಗಿಟ್ಕೋ.”

“ಕಿಟಕಿ ಹಾಕಿದ್ರೆ ಸೂಜಿಗೆ ದಾರ ಪೋಣಿಸೋದು ಯಾರು, ನಿಮ್ಮ ಉಪಗ್ರಹಾನಾ?” ಎಂದಳು ಅಕ್ಕ. ಆದರೆ ಹೇಳಿದಂತೆಯೇ ಮಾಡಿದಳು.

ಧೂಳು ಬಂತು. ಸದ್ದಿಲ್ಲ, ಗದ್ದಲವಿಲ್ಲ, ಬೆಳಗಿನ ಬೆಳಕು ಜೇನಿನ ಬಣ್ಣಕ್ಕೆ ತಿರುಗಿತು, ಅಷ್ಟೇ. ಬೀದಿಗಳು ಯಾರೋ ಕಾಣುತ್ತಿರುವ ಕನಸಿನಂತೆ ಮೆತ್ತಗಾದವು. ಎದುರುಮನೆಗಳ ಅಂಚು ಕರಗಿತು. ಕೆಲಸ ಮುಗಿಸಿ ಮನೆಗೆ ಓಡಿದ ಧೂಳಮ್ಮನಿಗೆ ಒಳಗೆ ಅಕ್ಕ ಕಾಣಲಿಲ್ಲ. ಮೆಟ್ಟಿಲೇರಿದರೆ, ಮೂಗು ಬಾಯಿ ಮುಚ್ಚುವಂತೆ ದಪ್ಪ ಮುಖಗವಸು ಕಟ್ಟಿಕೊಂಡು ಅಕ್ಕ ತಾರಸಿಯ ಬಾಗಿಲಲ್ಲಿ ನಿಂತಿದ್ದಳು.

“ಬುದ್ಧಿ ಇದೆಯಾ ನಿಂಗೆ? ಒಳಗೆ ಬಾ!”

“ಕೂಗ್ಬೇಡ್ವೇ. ಈಗಷ್ಟೇ ಬಂದೆ. ಇಷ್ಟು ದೂರದಿಂದ ಬಂದಿದೆ, ಮುಖಾನೂ ನೋಡ್ಬಾರದಾ?” ಅಕ್ಕನ ಉಸಿರಿನಲ್ಲಿ ಸಣ್ಣ ಸೀಟಿ ಕೇಳುತ್ತಿತ್ತು. “ಚೆನ್ನಾಗಿದೆ ಕಣೇ. ಹಾಳಾದ್ದು, ಚೆನ್ನಾಗೇ ಇದೆ.”

ಧೂಳಮ್ಮ ಬೈಯಲು ಬಾಯಿ ತೆರೆದವಳು ಅಳಲು ಶುರುಮಾಡಿದಳು. ಅಕ್ಕನಿಗೆ ಗಾಬರಿಯಾಯಿತು. “ನಂಗೇನಾಯ್ತು ಅಂತ ಅಳ್ತೀಯಾ?”

“ನಂಗೂ ಚೆನ್ನಾಗಿ ಕಾಣುತ್ತೆ ಅಕ್ಕ. ಮೊದಲಿಂದಾನೂ.”

“ಅದಕ್ಕೆ ನನ್ನ ಅಪ್ಪಣೆ ಬೇಕಿತ್ತಾ, ಪೆದ್ದಿ?” ಎಂದು ಅಕ್ಕ ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಆ ಸಲ ಔಷಧಿಯನ್ನು ಎರಡು ಸಲ ಒಳಗೆಳೆದುಕೊಂಡಿದ್ದಕ್ಕೇ ಸೀಟಿ ನಿಂತಿತು. ಆಸ್ಪತ್ರೆಯ ದಾರಿ ಹಿಡಿಯಬೇಕಾಗಲಿಲ್ಲ.

ಆಕಾಶ ತಿಳಿಯಾದ ಮೇಲೆ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮೊದಲ ಬಾರಿಗೆ ತಂಗಿಯ ಕಚೇರಿಗೆ ಬಂದಳು. ಧೂಳು ಪಟ್ಟಣವನ್ನು ದಾಟಿ, ಒಳನಾಡಿನ ಕಾಡಿನ ಕಡೆಗೆ ಸಾಗಿತ್ತು.

“ಅಲ್ಲೇನು ಮಾಡುತ್ತೆ?”

“ಮಣ್ಣಿಗೆ ಸೇರುತ್ತೆ. ಮರಗಳಿಗೆ ಗೊಬ್ಬರ ಆಗುತ್ತೆ.”

“ಹೌದಾ!” ಎಂದ ಅಕ್ಕ ಪರದೆಗೆ ಇನ್ನಷ್ಟು ಹತ್ತಿರ ಕುರ್ಚಿ ಎಳೆದುಕೊಂಡಳು. ಹಸಿರಿನ ಮೇಲೆ ನಸುಗೆಂಪು ಇಷ್ಟಿಷ್ಟೇ ತೆಳುವಾಗುತ್ತಿತ್ತು. ತಂಗಿ ಒಂದೊಂದೇ ಚಿತ್ರ ಸರಿಸುತ್ತ ಹೋದಳು. ಅಕ್ಕ, “ತಡಿ, ಇದನ್ನ ಇನ್ನೊಂದ್ಸಲ ತೋರ್ಸು,” ಎನ್ನುತ್ತಲೇ ಇದ್ದಳು.